ಸರ್ಪಸುತ್ತಿಗೆ ಇಂಗ್ಲಿಷ್ ಮದ್ದು ಆಗುದಿಲ್ಲ ಅಂತ ಇನ್ನು ನನ್ನೆದುರು ಹೇಳ್ಬೇಡಿ

1/10

ಫೋಟೋದಲ್ಲಿರುವುದು ನನ್ನ ದೊಡ್ಡಮ್ಮನ ಬೀಡಿ ತಡ್ಪೆ. ಖಾಲಿ ಉಂಟು. ಗೋಡೆಗೆ ಒರಗಿಸಿ ಇಟ್ಟು ಏಳು ತಿಂಗಳಾಯ್ತು. ಮೂವತ್ತು ವರ್ಷ ಇದೇ ತಡ್ಪೆ ತೊಡೆ ಮೇಲಿಟ್ಟು ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು, ಇಬ್ಬರು ಮಕ್ಕಳನ್ನು ಓದಿಸಿದ್ದಾರೆ. ನನ್ನ ಪಿಯುಸಿ ಫೀಸಿನಲ್ಲಿ ಅರ್ಧ ಬಂದದ್ದು ಕೂಡ ಈ ತಡ್ಪೆಯಿಂದಲೇ. ಈಗ ಅವರ ಎಡಗೈಯಲ್ಲಿ ಎಲೆ ನಿಲ್ಲುವುದಿಲ್ಲ.

ಯಾಕೆ ಅಂತ ಕೇಳಿದ್ರೆ ಊರಲ್ಲಿ ಒಂದೇ ಉತ್ತರ. "ಪಾಪ, ಸರ್ಪಸುತ್ತು ಆಗಿತ್ತಲ್ಲ, ಎಂತದೋ ದೋಷ."

ದೋಷ ಉಂಟು ಮಾರಾಯ್ರೆ, ನಾನೂ ಒಪ್ತೇನೆ. ಯಾರದ್ದು ಅಂತ ಹೇಳಲಿಕ್ಕೇ ಈ ಹತ್ತು ಕ್ಯಾಪ್ಶನ್ ಬರೀತಾ ಇದ್ದೇನೆ. ದಿನಕ್ಕೊಂದು. ರೀಲ್ಸ್ ನೋಡುವ ಮಧ್ಯೆ ಎರಡು ನಿಮಿಷ ಕೊಡಿ.

ನಾನು ಹೇಳುವುದು ಒಂದೇ ವಿಷಯ. ಮೈಯ ರೋಗನಿರೋಧಕ ಶಕ್ತಿ ಮೊದಲೇ ಕುಗ್ಗಿದವರಿಗೆ ಸರ್ಪಸುತ್ತು ಬಂದರೆ ಅದನ್ನು ಚರ್ಮದ ಕಾಯಿಲೆ ಅಂತ ನೋಡಬಾರದು. ಅದು ನರದ್ದು, ಕೆಲವು ಸಲ ಮೆದುಳಿನದ್ದು. ಅಂಥವರನ್ನು ಬೊಕ್ಕೆ ಕಂಡ ದಿನವೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಬೇಕು. "ಅದಕ್ಕೆ ಹಳ್ಳಿಮದ್ದೇ ಆಗಬೇಕು, ಇಂಗ್ಲಿಷ್ ಮದ್ದು ಆಗುದಿಲ್ಲ" ಎಂಬ ಮಾತು ಅವರ ಜೀವದ ಜೊತೆ ಆಡುವ ಆಟ.

ನಾನು ಡಾಕ್ಟರಲ್ಲ, ಮೂಡುಬಿದಿರೆಯಲ್ಲಿ ಬಿಕಾಂ ಓದುವವಳು. ಆದರೆ ದೊಡ್ಡಮ್ಮನ ಆಸ್ಪತ್ರೆಯ ಫೈಲು ಹಿಡ್ಕೊಂಡು ಎರಡು ವಾರ ಮಂಗಳೂರಿನಲ್ಲಿ ಕೂತವಳು. ಅಲ್ಲಿಯ ಡಾಕ್ಟರರಿಗೆ ಬೇಜಾರು ಬರುವಷ್ಟು ಪ್ರಶ್ನೆ ಕೇಳಿದ್ದೇನೆ. ಅವರು ಹೇಳಿದ್ದನ್ನು ಮತ್ತೆ ಓದಿ ನೋಡಿದ್ದೇನೆ. ತಪ್ಪಿದ್ದರೆ ಕಾಮೆಂಟಿನಲ್ಲಿ ಹೇಳಿ, ತಿದ್ದುತ್ತೇನೆ. "ನಿಂಗೆಂತ ಗೊತ್ತುಂಟು" ಅಂತ ಮಾತ್ರ ಹೇಳ್ಬೇಡಿ. ಗೊತ್ತಾಗಲಿಕ್ಕೆ ನಾವು ಕೊಟ್ಟ ಬೆಲೆ ಸಣ್ಣದಲ್ಲ.

2/10

ಮೊದಲ ಐದು ದಿನದ ಕತೆ.

ದೊಡ್ಡಮ್ಮನ ಮನೆ ಬೆಳ್ತಂಗಡಿ ತಾಲೂಕಿನಲ್ಲಿ, ವೇಣೂರಿನ ಹತ್ತಿರ. ನಮ್ಮದು ಬಂಟ್ವಾಳ ತಾಲೂಕಿನ ಸಿದ್ದಕಟ್ಟೆ ಕಡೆ. ಕಾಲೇಜಿನಿಂದ ಎರಡೂ ಕಡೆಗೆ ಬಸ್ಸುಂಟು, ಹಾಗಾಗಿ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗ್ತೇನೆ.

ಗುರುವಾರ ಅವರಿಗೆ ಹಣೆಯ ಬಲಬದಿ ಉರಿ ಶುರುವಾಯ್ತು. ತಲೆನೋವು ಅಂತ ಮುಲಾಮು ಹಚ್ಚಿದ್ರು. ಕೂದಲು ಬಾಚಿದ್ರೂ ನೋವು. ಶನಿವಾರ ಬೆಳಿಗ್ಗೆ ಹಣೆಯಲ್ಲಿ ಸಾಲಾಗಿ ನೀರು ತುಂಬಿದ ಬೊಕ್ಕೆಗಳು. ನೆರೆಮನೆಯವರು ನೋಡಿದ ಕೂಡಲೇ ಹೇಳಿದ್ರು, "ಇದು ಸರ್ಪಸುತ್ತು, ಇಂಜೆಕ್ಷನ್ ಮಾತ್ರ ಕೊಡ್ಬೇಡಿ, ಒಳಗೆ ಹೋಗ್ತದೆ."

ಭಾನುವಾರ ಮದ್ದು ಕೊಡುವವರೊಬ್ಬರು ಬಂದ್ರು. ಮಂತ್ರ ಹೇಳಿ ಕೆಂಪು ಕಾವಿಮಣ್ಣು ಹಚ್ಚಿದ್ರು. ಐದು ದಿನ ಪಥ್ಯ, ಬೊಕ್ಕೆಗೆ ನೀರು ಮುಟ್ಟಿಸಬಾರದು, ಬೇರೆ ಮಾತ್ರೆ ತಿನ್ನಬಾರದು.

ಆ ದಿನ ನಾನು ಅಲ್ಲೇ ಇದ್ದೆ. ಮಾಡಿದ್ದೇನು ಗೊತ್ತುಂಟಾ? ವೀಡಿಯೊ ಮಾಡಿದೆ. ಹಿಂದಿನಿಂದ ಒಂದು ಹಾಡು ಹಾಕಿ, "ನಮ್ಮ ಹಿರಿಯರ ವಿದ್ಯೆ" ಅಂತ ಬರೆದು ಇದೇ ಅಕೌಂಟಿನಲ್ಲಿ ಸ್ಟೋರಿ ಹಾಕಿದೆ. ಎಷ್ಟೋ ಜನ ಹಾರ್ಟ್ ಕಳಿಸಿದ್ರಿ. ಇಬ್ಬರು ಮೆಸೇಜ್ ಮಾಡಿ ಆ ಮದ್ದಿನವರ ನಂಬರೂ ಕೇಳಿದ್ರು, ನಾನು ಕೊಟ್ಟೆ.

ಮಂಗಳವಾರ ಮೂಗಿನ ತುದಿಯಲ್ಲೂ ಒಂದು ಬೊಕ್ಕೆ. ಬುಧವಾರ ಬಲಗಣ್ಣಿನ ರೆಪ್ಪೆ ದಪ್ಪವಾಗಿ ಮುಚ್ಚಿತು. "ವಿಷ ಹೊರಗೆ ಬರ್ತಾ ಉಂಟು, ಹೆದರ್ಬೇಡಿ" ಅಂದ್ರು. ಗುರುವಾರ ರಾತ್ರಿ ಕಣ್ಣು ಕೆಂಪಾಗಿ ಬೆಳಕು ನೋಡಲಿಕ್ಕಾಗದೆ ದೊಡ್ಡಮ್ಮ ಕಿರುಚಿಕೊಂಡ್ರು. ಶುಕ್ರವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಬೊಕ್ಕೆ ಕಂಡು ಆರು ದಿನ ಕಳೆದಿತ್ತು.

ಅವರು ಕೇಳಿದ ಮೊದಲ ಪ್ರಶ್ನೆ: "ಇವರು ಬೇರೆ ಎಂತ ಮಾತ್ರೆ ತಗೊಳ್ತಾ ಇದ್ದಾರೆ?"

3/10

ಆ ಪ್ರಶ್ನೆಗೆ ಉತ್ತರ ಈ ಫೋಟೋದಲ್ಲಿ ಉಂಟು. ಎರಡು ಸ್ಟ್ರಿಪ್. ಒಂದು ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡ್. ಇನ್ನೊಂದು ಮೆಥೋಟ್ರೆಕ್ಸೇಟ್, ವಾರಕ್ಕೊಮ್ಮೆ ತಿನ್ನುವುದು. ದೊಡ್ಡಮ್ಮನಿಗೆ ನಾಲ್ಕು ವರ್ಷದಿಂದ ಗಂಟುವಾತ ಉಂಟು. ಅವರ ಮೈಯ ಕಾವಲು ಪಡೆ ಅವರದ್ದೇ ಗಂಟುಗಳ ಮೇಲೆ ಜಗಳಕ್ಕೆ ಹೋಗ್ತದೆ. ಆ ಪಡೆಯನ್ನು ಸ್ವಲ್ಪ ಮಲಗಿಸಲಿಕ್ಕೆ ಈ ಮಾತ್ರೆ. ಇಲ್ಲದಿದ್ದರೆ ಬೀಡಿ ಕಟ್ಟಲಿಕ್ಕೆ ಬೆರಳು ಮಡಚುವುದೇ ಇಲ್ಲ.

ಕಾವಲು ಮಲಗಿದಾಗ ಕಳ್ಳ ಏಳ್ತಾನೆ. ಈ ಕಳ್ಳ ಹೊರಗಿನಿಂದ ಬಂದವನಲ್ಲ, ಸಣ್ಣದಿರುವಾಗಲೇ ಮನೆಯೊಳಗೆ ಬಂದು ಅಡಗಿದವ.

ನಮಗೆಲ್ಲ ಸಣ್ಣದಿರುವಾಗ ಚಿಕನ್‌ಪಾಕ್ಸ್ ಬಂದಿತ್ತಲ್ಲ, ಕೆಲವರು ಅಮ್ಮ ಬಂದದ್ದು ಅಂತಾರೆ? ಅದರ ವೈರಸ್ಸಿನ ಹೆಸರು ವ್ಯಾರಿಸೆಲ್ಲಾ ಜೋಸ್ಟರ್. ಮೈಮೇಲಿನ ಬೊಕ್ಕೆ ಒಣಗಿದ ಮೇಲೂ ಅದು ಪೂರ್ತಿ ಹೋಗುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿ, ಮುಖದ ನರಗಳ ಬುಡದಲ್ಲಿ ಇರುವ ನರಕೋಶದ ಗಂಟುಗಳೊಳಗೆ ಮಲಗಿರ್ತದೆ. ಹತ್ತು ವರ್ಷ, ಐವತ್ತು ವರ್ಷ, ಎಷ್ಟು ಬೇಕಾದರೂ. ವಯಸ್ಸಾದಾಗ ಅಥವಾ ಕಾಯಿಲೆಯಿಂದಲೋ ಮದ್ದಿನಿಂದಲೋ ನಿರೋಧಕ ಶಕ್ತಿ ಕುಗ್ಗಿದಾಗ ಎಚ್ಚರಗೊಂಡು, ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರ್ತದೆ. ಅದಕ್ಕೇ ಬೊಕ್ಕೆ ಒಂದೇ ಬದಿಯಲ್ಲಿ, ಪಟ್ಟಿಯ ಹಾಗೆ ಏಳುವುದು. ಅದಕ್ಕೇ ಬೊಕ್ಕೆಗಿಂತ ಎರಡು ಮೂರು ದಿನ ಮೊದಲೇ ಉರಿ ಶುರುವಾಗುವುದು.

ಅಂದರೆ ನಾವು ಹಣೆಯ ಮೇಲೆ ಕಂಡದ್ದು ಮೆರವಣಿಗೆಯ ಕೊನೆಯ ಭಾಗ ಮಾತ್ರ. ಅದು ಹೊರಟದ್ದು ನರದೊಳಗಿಂದ. ನಾವು ಕಾವಿ ಹಚ್ಚಿದ್ದು ಚರ್ಮಕ್ಕೆ.

4/10

"ಸರ್ಪದ ತಲೆ ಮತ್ತು ಬಾಲ ಕೂಡಿದ್ರೆ ಮನುಷ್ಯ ಸಾಯ್ತಾನೆ." ಇದನ್ನು ಕೇಳದವರು ಬಂಟ್ವಾಳದಲ್ಲಿ ಇದ್ದಾರಾ? ನಾನು ಮೂರನೇ ಕ್ಲಾಸಿನಲ್ಲಿ ಇರುವಾಗಲೇ ಕೇಳಿದ್ದೇನೆ.

ಆರೋಗ್ಯವಂತರಲ್ಲಿ ಅದು ಹಾಗೆ ಕೂಡುವುದು ತೀರಾ ಅಪರೂಪ. ಎಡಬದಿಯ ನರ ಎಡಬದಿಗೆ, ಬಲಬದಿಯದ್ದು ಬಲಕ್ಕೆ. ಎದೆಯ ನಡುವೆ, ಬೆನ್ನಿನ ನಡುವೆ ಒಂದು ಗೆರೆ ಉಂಟು ಅಂತ ಇಟ್ಟುಕೊಳ್ಳಿ. ಬೊಕ್ಕೆ ಸಾಮಾನ್ಯವಾಗಿ ಅದನ್ನು ದಾಟುವುದಿಲ್ಲ. ಸೊಂಟಕ್ಕೆ ಪೂರ್ತಿ ಸುತ್ತು ಬರದಿದ್ದದ್ದು ಮಣ್ಣು ಹಚ್ಚಿದ್ದರಿಂದ ಅಲ್ಲ. ನರದ ದಾರಿ ಇರುವುದೇ ಅಷ್ಟು.

ಆದರೆ ನಿರೋಧಕ ಶಕ್ತಿ ತುಂಬ ಕುಗ್ಗಿದವರಲ್ಲಿ ಈ ಲೆಕ್ಕ ತಪ್ಪುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಕೀಮೋ ತಗೊಳ್ಳುವವರು, ರಕ್ತದ ಕ್ಯಾನ್ಸರ್ ಇರುವವರು, ಚಿಕಿತ್ಸೆ ಇಲ್ಲದ ಎಚ್‌ಐವಿ ಇರುವವರು, ಹೆಚ್ಚು ಸ್ಟೀರಾಯ್ಡ್ ತಿನ್ನುವವರು. ಇವರಲ್ಲಿ ಬೊಕ್ಕೆ ಒಂದು ಪಟ್ಟಿ ಬಿಟ್ಟು ಮೈತುಂಬ ಹರಡಬಹುದು. ಶ್ವಾಸಕೋಶಕ್ಕೆ, ಲಿವರಿಗೆ, ಮೆದುಳಿಗೆ ಹೋಗಬಹುದು. ಸಾಯಲೂಬಹುದು.

ಹಾಗಾಗಿ ನನಗೆ ಒಂದು ಊಹೆ. ಹಿಂದಿನವರು ಕಣ್ಣಿದ್ದವರು. ಎಲ್ಲ ಕಡೆ ಹರಡಿದವರು ಬದುಕುವುದಿಲ್ಲ ಅಂತ ನೋಡಿ ಆ ಮಾತು ಹೇಳಿರಬಹುದು. ಅವರಿಗೆ ವೈರಸ್ಸು ಗೊತ್ತಿರಲಿಲ್ಲ, ಸ್ಟೀರಾಯ್ಡ್ ಇರಲಿಲ್ಲ, ಕಿಡ್ನಿ ಕಸಿ ಇರಲಿಲ್ಲ. ಕಂಡದ್ದನ್ನು ಹೇಳಿದ್ರು. ನಮಗೆ ಇಷ್ಟೆಲ್ಲ ಗೊತ್ತಿದ್ದೂ ಅವರ ಹೆದರಿಕೆಯನ್ನು ಮಾತ್ರ ಇಟ್ಟುಕೊಂಡು, ಅವರ ಎಚ್ಚರವನ್ನು ಬಿಟ್ಟಿದ್ದೇವೆ.

ಹಿರಿಯರ ಮಾತಿಗೆ ಮರ್ಯಾದೆ ಕೊಡ್ತೀರಾದ್ರೆ ಹೀಗೆ ಕೊಡಿ. ಎರಡು ಬೇರೆ ಬೇರೆ ಜಾಗದಲ್ಲಿ ಬೊಕ್ಕೆ ಎದ್ದರೆ, ಗೆರೆ ದಾಟಿದರೆ, ಮೈತುಂಬ ಹರಡಿದರೆ, ಆ ದಿನವೇ ಆಸ್ಪತ್ರೆ. ಜಾಸ್ತಿ ಮಣ್ಣು ಕಲಸುವ ಹೊತ್ತು ಅದಲ್ಲ.

5/10

ಬರೆಯಲಿಕ್ಕೆ ಕಷ್ಟ ಆದದ್ದು ಈ ಭಾಗ.

ಕಣ್ಣಿನ ಡಾಕ್ಟರರು ವೈರಸ್ಸಿನ ಮಾತ್ರೆ, ಕಣ್ಣಿಗೆ ಡ್ರಾಪ್ಸ್ ಎಲ್ಲ ಕೊಟ್ರು. ಮೂಗಿನ ತುದಿಯ ಬೊಕ್ಕೆ ಕಣ್ಣಿನ ಒಳಗೆ ತೊಂದರೆ ಆಗುವ ಸೂಚನೆ ಅಂತ ವಿವರಿಸಿದ್ರು. ಕಣ್ಣಿಗೂ ಮೂಗಿನ ತುದಿಗೂ ಹೋಗುವುದು ಒಂದೇ ನರದ ಕೊಂಬೆ. ದೃಷ್ಟಿ ಸ್ವಲ್ಪ ಮಂಜಾದರೂ ಉಳಿಯಿತು. ಬೊಕ್ಕೆ ಒಣಗಿತು. ದೊಡ್ಡಮ್ಮ ತಿರುಗಿ ತಡ್ಪೆ ಹಿಡಿದ್ರು. ಮಣ್ಣಿನಿಂದ ಗುಣ ಆಯ್ತು ಅಂತ ಊರಲ್ಲಿ ಮಾತಾಯ್ತು, ಮಾತ್ರೆ ತಿಂದದ್ದು ಯಾರ ನೆನಪಿಗೂ ಬರಲಿಲ್ಲ.

ಐದು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎಡಗೈಯಿಂದ ಎಲೆ ಜಾರಿತು. ಹೆಕ್ಕಿದ್ರು, ಪುನಃ ಜಾರಿತು. ಏಳಲಿಕ್ಕೆ ಹೋದರೆ ಎಡಗಾಲು ಎಳೀತಾ ಇತ್ತು. ಅಣ್ಣ 108ಕ್ಕೆ ಫೋನ್ ಮಾಡಿದ.

ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಕೇಳಿದ್ರು, "ಇತ್ತೀಚೆಗೆ ಮುಖದಲ್ಲಿ ಸರ್ಪಸುತ್ತು ಆಗಿತ್ತಾ?" ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹಣೆಯ ಬೊಕ್ಕೆಗೂ ಕೈ ಬೀಳುವುದಕ್ಕೂ ಎಂತ ಸಂಬಂಧ?

ಸಂಬಂಧ ಇದು. ಹಣೆ ಮತ್ತು ಕಣ್ಣಿಗೆ ಬರುವ ನರದ ಕೊಂಬೆಗಳು ಮೆದುಳಿನ ರಕ್ತನಾಳಗಳಿಗೂ ಹೋಗ್ತವೆ. ವೈರಸ್ಸು ಆ ದಾರಿಯಲ್ಲಿ ಹೋಗಿ ರಕ್ತನಾಳದ ಗೋಡೆಗೆ ಸೇರಿದರೆ ಗೋಡೆ ಬಾತು ದಾರಿ ಕಿರಿದಾಗ್ತದೆ. ರಕ್ತ ನಿಂತರೆ ಸ್ಟ್ರೋಕ್. ಬಲಬದಿಯ ಮೆದುಳಿಗೆ ಪೆಟ್ಟಾದ್ದರಿಂದ ಎಡಗೈ ಎಡಗಾಲು ಹೋಯ್ತು. ಬೊಕ್ಕೆ ಒಣಗಿ ವಾರಗಳು, ಕೆಲವರಲ್ಲಿ ತಿಂಗಳುಗಳು ಕಳೆದ ಮೇಲೂ ಹೀಗಾಗುವುದುಂಟು.

ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದ್ರು. ಹದಿನಾಲ್ಕು ದಿನ ಏಸೈಕ್ಲೋವಿರ್ ಡ್ರಿಪ್ ಕೊಟ್ರು. ಕಾಲು ಬಂತು. ಕೈ ಅರ್ಧ ಬಂತು.

"ಮೊದಲ ದಿನವೇ ಬಂದಿದ್ದರೆ ಇದು ತಪ್ತಿತ್ತಾ?" ಅಂತ ಕೇಳಿದೆ. ಡಾಕ್ಟರು ಸುಳ್ಳು ಹೇಳಲಿಲ್ಲ. "ಖಂಡಿತ ತಪ್ತಿತ್ತು ಅಂತ ಹೇಳಲಾರೆ. ಆದ್ರೆ ಒಂದು ಅವಕಾಶ ಇತ್ತು, ಅದು ಹೋಯ್ತು."

6/10

"ನಿನ್ನ ದೊಡ್ಡಮ್ಮನದ್ದು ಅಪರೂಪದ ಕೇಸು" ಅಂತ ಒಬ್ಬ ಕ್ಲಾಸ್‌ಮೇಟ್ ಬರೆದಿದ್ದಾನೆ. ಸ್ಟ್ರೋಕ್ ಅಪರೂಪ ಹೌದು. ಆದರೆ ಸರ್ಪಸುತ್ತು ನರಕ್ಕೆ ಮಾಡುವ ಹಾನಿಯ ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ.

ತುಂಬ ಜನರಿಗೆ ಆಗುವುದು ಉಳಿದುಹೋಗುವ ನೋವು. ಬೊಕ್ಕೆ ಹೋಗಿ ಮೂರು ತಿಂಗಳಾದರೂ, ಕೆಲವರಿಗೆ ವರ್ಷಗಟ್ಟಲೆ, ಅಂಗಿ ತಾಗಿದರೂ ಬೆಂಕಿ ತಾಗಿದ ಹಾಗೆ. ವಯಸ್ಸಾದವರಿಗೂ ನಿರೋಧಕ ಶಕ್ತಿ ಕುಗ್ಗಿದವರಿಗೂ ಇದು ಜಾಸ್ತಿ. ಊರಲ್ಲಿ ಎಷ್ಟು ಅಜ್ಜಂದಿರು "ಸರ್ಪಸುತ್ತು ಆದ ಮೇಲೆ ಆ ಬದಿ ಸರಿಯಿಲ್ಲ" ಅಂತಾರೆ, ಕೇಳಿ ನೋಡಿ.

ಕಿವಿಯ ಹತ್ತಿರದ ನರದಲ್ಲಿ ಎದ್ದರೆ ಮುಖದ ಅರ್ಧ ಬಿದ್ದುಹೋಗ್ತದೆ, ಕಿವಿ ಕೇಳುವುದು ಕಡಿಮೆಯಾಗಬಹುದು, ತಲೆ ತಿರುಗ್ತದೆ. ಇದನ್ನು 1907ರಲ್ಲಿ ವಿವರಿಸಿದ ಡಾಕ್ಟರರ ಹೆಸರಿನಿಂದ ರಾಮ್ಸೆ ಹಂಟ್ ಸಿಂಡ್ರೋಮ್ ಅಂತಾರೆ. ಈ ಹೆಸರು ನೀವು ಕೇಳಿದ್ದೀರಿ. 2022ರ ಜೂನ್‌ನಲ್ಲಿ ಜಸ್ಟಿನ್ ಬೀಬರ್ ಇದೇ ಆ್ಯಪಿನಲ್ಲಿ ವೀಡಿಯೊ ಹಾಕಿ, ಮುಖದ ಬಲಬದಿ ನಗುವುದಿಲ್ಲ, ಕಣ್ಣು ಮಿಟುಕುವುದಿಲ್ಲ ಅಂತ ತೋರಿಸಿದನಲ್ಲ, ಅದೇ. ಅವನಿಗೆ ಆಗ 28 ವರ್ಷ. ನಾವೆಲ್ಲ ಪಾಪ ಅಂತ ಶೇರ್ ಮಾಡಿದೆವು. ಅದು ಸರ್ಪಸುತ್ತಿನ ವೈರಸ್ಸೇ ಅಂತ ನಮಗೆ ಹೊಳೆಯಲೇ ಇಲ್ಲ.

ಮೆದುಳಿಗೇ ಊತ ಬಂದರೆ ಎನ್ಸೆಫಲೈಟಿಸ್. 2023ರಲ್ಲಿ ಅಮೆರಿಕದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅವರಿಗೆ, 89ನೇ ವಯಸ್ಸಿನಲ್ಲಿ, ಸರ್ಪಸುತ್ತಿನ ನಂತರ ರಾಮ್ಸೆ ಹಂಟ್ ಮತ್ತು ಎನ್ಸೆಫಲೈಟಿಸ್ ಎರಡೂ ಆಯ್ತು ಅಂತ ಅವರ ಕಚೇರಿಯೇ ಹೇಳಿತು. ತಿಂಗಳುಗಟ್ಟಲೆ ಸಂಸತ್ತಿಗೆ ಹೋಗಲಿಕ್ಕಾಗಲಿಲ್ಲ.

ಬೆನ್ನುಹುರಿಗೆ ಬಂದರೆ ಕಾಲು ಸೋಲ್ತದೆ, ಮೂತ್ರ ಕಟ್ತದೆ. ನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇವೆಲ್ಲ ಒಂದು ಬೊಕ್ಕೆಯೂ ಏಳದೆ ಬರಬಹುದು. ಬೊಕ್ಕೆಯೇ ಇಲ್ಲದಿದ್ದರೆ ಮಣ್ಣು ಎಲ್ಲಿಗೆ ಹಚ್ತೀರಿ?

7/10

ಈಗ ನಮ್ಮ ಸಬ್ಜೆಕ್ಟಿಗೆ ಬರುವ. ಅಕೌಂಟ್ಸ್.

"ನಮ್ಮ ಅಜ್ಜನಿಗೆ ಮಣ್ಣಿನಲ್ಲೇ ಗುಣ ಆಯ್ತು." ನಿನ್ನೆಯ ಪೋಸ್ಟಿಗೆ ಇಂಥ ಕಾಮೆಂಟೇ ಜಾಸ್ತಿ. ನಿಮ್ಮ ಅಜ್ಜನಿಗೆ ಗುಣ ಆದದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಗಟ್ಟಿ ಮೈಯವರಿಗೆ ಸರ್ಪಸುತ್ತಿನ ಬೊಕ್ಕೆ ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿಯೇ ಒಣಗ್ತದೆ. ಮಣ್ಣು ಹಚ್ಚಿದರೂ ಒಣಗ್ತದೆ, ಸುಮ್ಮನೆ ಕೂತರೂ ಒಣಗ್ತದೆ. ಹೀಗೆ ಒಣಗಿದ್ದೆಲ್ಲ ಮಣ್ಣಿನ ಹೆಸರಿಗೆ ಜಮೆ. ಕಣ್ಣು ಹೋದವರು, ಮುಖ ಬಿದ್ದವರು, ಕೈ ಸೋತವರು ದೋಷದ ಹೆಸರಿಗೆ ಖರ್ಚು. ಜಮೆ ಒಂದು ಖಾತೆಗೆ, ಖರ್ಚು ಇನ್ನೊಂದು ಖಾತೆಗೆ. ಹೀಗೆ ಬರೆದರೆ ಯಾವ ಅಂಗಡಿಯೂ ಲಾಸಿನಲ್ಲಿ ಇರುದಿಲ್ಲ. ನಮ್ಮ ಸರ್ ಕೈಗೆ ಇಂಥ ಪುಸ್ತಕ ಕೊಟ್ಟು ನೋಡಿ, ಮುಖಕ್ಕೆ ಬಿಸಾಡ್ತಾರೆ.

ಸರಿಯಾಗಿ ಲೆಕ್ಕ ಇಟ್ಟವರೊಬ್ಬರ ಬಗ್ಗೆ ಹೇಳ್ತೇನೆ. ಎಡ್ಗರ್ ಹೋಪ್ ಸಿಂಪ್ಸನ್. ದೊಡ್ಡ ಪ್ರೊಫೆಸರ್ ಅಲ್ಲ, ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಪೇಟೆಯ ಸಾಮಾನ್ಯ ಡಾಕ್ಟರು. ನಮ್ಮ ಬಿ.ಸಿ. ರೋಡಿನಲ್ಲೋ ಗುರುವಾಯನಕೆರೆಯಲ್ಲೋ ಕ್ಲಿನಿಕ್ ಇಟ್ಟವರ ಹಾಗೆ. ತನ್ನ ಹತ್ತಿರ ಬರುವವರಲ್ಲಿ ಯಾರಿಗೆ ಸರ್ಪಸುತ್ತು ಆಯ್ತು, ಯಾವ ವಯಸ್ಸಿನಲ್ಲಿ, ಎಲ್ಲಿ, ನೋವು ಎಷ್ಟು ದಿನ ಉಳಿಯಿತು ಅಂತ 16 ವರ್ಷ ಬರೆದಿಟ್ಟರು. ಒಟ್ಟು 192 ಕೇಸು. ಗುಣ ಆದವರನ್ನೂ ಬರೆದರು, ಆಗದವರನ್ನೂ ಬರೆದರು. 1965ರಲ್ಲಿ ಆ ಲೆಕ್ಕ ಮುಂದಿಟ್ಟು, ಇದು ಮೈಯೊಳಗೆ ಮಲಗಿದ್ದ ಚಿಕನ್‌ಪಾಕ್ಸಿನ ವೈರಸ್ಸೇ ಏಳುವುದು, ನಿರೋಧಕ ಶಕ್ತಿ ಇಳಿದಾಗ ಏಳುವುದು ಅಂತ ವಾದಿಸಿದರು. ಮುಂದೆ ಲ್ಯಾಬುಗಳು ಅದನ್ನೇ ಕಂಡವು.

ನಮ್ಮಲ್ಲಿ ಮಣ್ಣು ಹಚ್ಚುವವರು ಯಾರಾದರೂ ಇಂಥ ಒಂದು ಪುಸ್ತಕ ಇಟ್ಟಿದ್ದರೆ ತೋರಿಸಲಿ. ಕೂತು ಟ್ಯಾಲಿ ಮಾಡುವ.

8/10

ಫೋಟೋದಲ್ಲಿರುವುದು ನಮ್ಮ ಮನೆಯ ನಾಗಬನ. ಹೌದು, ನಮ್ಮದೇ. ಈ ನಾಗರಪಂಚಮಿಗೂ ತನು ಹಾಕಿದ್ದೇವೆ, ನಾನೂ ಹೋಗಿದ್ದೆ.

ಇದನ್ನು ಹೇಳುವುದು ಯಾಕೆಂದರೆ "ನಿಂಗೆ ದೇವರ ಮೇಲೆ ನಂಬಿಕೆ ಇಲ್ಲ", "ಕಾಲೇಜಿಗೆ ಹೋಗಿ ತಲೆ ತಿರುಗಿತು" ಅಂತ ಮೆಸೇಜ್ ಬಂದಿವೆ. ನಾಗನ ಮೇಲೆ ನನ್ನದೇನೂ ತಕರಾರಿಲ್ಲ. ತಂಬಿಲ ಕೊಡಿ, ಆಶ್ಲೇಷ ಬಲಿ ಮಾಡಿಸಿ, ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿ. ಮನಸ್ಸಿಗೆ ಧೈರ್ಯ ಬರ್ತದಾದ್ರೆ ಮಾಡಿ. ಆದರೆ ಬೆಳಿಗ್ಗೆ ಡಾಕ್ಟರು, ಸಂಜೆ ತಂಬಿಲ. ತಂಬಿಲಕ್ಕೆ ಮುಂದಿನ ತಿಂಗಳೂ ದಿನ ಸಿಗ್ತದೆ. ಮಾತ್ರೆಗೆ ಸಿಗುವುದಿಲ್ಲ.

ಬೊಕ್ಕೆ ಕಂಡ 72 ಗಂಟೆಯೊಳಗೆ ವೈರಸ್ಸಿನ ಮದ್ದು ಶುರು ಮಾಡಿದರೆ ಹೆಚ್ಚು ಪ್ರಯೋಜನ. ನಿರೋಧಕ ಶಕ್ತಿ ಕುಗ್ಗಿದವರಿಗೆ, ಕಣ್ಣಿಗೆ ಬಂದವರಿಗೆ 72 ಗಂಟೆ ಕಳೆದ ಮೇಲೂ ಕೊಡ್ತಾರೆ. ಹಾಗಾಗಿ ತಡವಾಯ್ತು ಅಂತ ಮನೆಯಲ್ಲಿ ಕೂರಬೇಡಿ. ಜೋರಾಗಿದ್ದರೆ ಅಡ್ಮಿಟ್ ಮಾಡಿ ಡ್ರಿಪ್ಪಿನಲ್ಲಿ ಕೊಡ್ತಾರೆ. ಅಂಗಡಿಯಿಂದ ನೀವೇ ತಂದು ತಿನ್ನಿಸಬೇಡಿ, ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಬೇರೆ.

ಇನ್ನು "ಇಂಗ್ಲಿಷ್ ಮದ್ದು" ಎಂಬ ಮಾತು. ಏಸೈಕ್ಲೋವಿರ್ ಹಿಂದೆ ಇದ್ದವರಲ್ಲಿ ಒಬ್ಬರು ಗರ್ಟ್ರೂಡ್ ಎಲಿಯನ್. ಹೆಂಗಸು ಅಂತ ಲ್ಯಾಬಿನಲ್ಲಿ ಕೆಲಸ ಸಿಗದೆ ಅಲೆದವರು, ಪಿಎಚ್‌ಡಿ ಮುಗಿಸಲಿಕ್ಕೂ ಆಗಲಿಲ್ಲ. 1988ರಲ್ಲಿ ನೊಬೆಲ್ ಬಂತು. ಕಿಡ್ನಿ ಕಸಿ ಮಾಡಿದವರಿಗೆ ಕೊಡುವ ಅಜಥಯೋಪ್ರಿನ್ ಮಾತ್ರೆಯ ಹಿಂದೆಯೂ ಇವರೇ ಇದ್ದಾರೆ. ಕಾವಲನ್ನು ಮಲಗಿಸುವ ಮದ್ದೂ ಅವರ ಕೈಯದ್ದು, ಆಗ ಏಳುವ ಕಳ್ಳನನ್ನು ಹಿಡಿಯುವ ಮದ್ದೂ ಅವರ ಕೈಯದ್ದು. ಮೊದಲನೆಯದ್ದನ್ನು ನಾಲ್ಕು ವರ್ಷ ದಿನಾ ತಿಂದವರು ಎರಡನೆಯದ್ದಕ್ಕೆ "ಇಂಗ್ಲಿಷ್ ಮದ್ದು ಆಗುದಿಲ್ಲ" ಅಂದ್ರೆ ಅದಕ್ಕೆಂತ ಅರ್ಥ?

9/10

ಮಣ್ಣು ಹಚ್ಚುವವರಿಗೆ ಮಾತ್ರ ಬೈದರೆ ನನ್ನ ಲೆಕ್ಕವೂ ಒಂದೇ ಬದಿಯದ್ದಾಗ್ತದೆ. ಹಾಗಾಗಿ ಇವತ್ತು ಡಾಕ್ಟರರಿಗೂ ಸರ್ಕಾರಕ್ಕೂ.

ದೊಡ್ಡಮ್ಮನಿಗೆ ನಾಲ್ಕು ವರ್ಷ ಮಾತ್ರೆ ಬರೆದುಕೊಟ್ಟರು. "ಇದರಿಂದ ನಿಮ್ಮ ನಿರೋಧಕ ಶಕ್ತಿ ಕಡಿಮೆಯಾಗ್ತದೆ, ಜ್ವರವೋ ಬೊಕ್ಕೆಯೋ ಬಂದರೆ ಅದೇ ದಿನ ಬನ್ನಿ" ಅಂತ ಒಮ್ಮೆಯೂ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಲಿಲ್ಲ. ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ, ಎಷ್ಟೋ ಕಡೆ ಹೀಗೇ. ಒಪಿಡಿಯ ಹೊರಗೆ ಐವತ್ತು ಜನ ಕೂತಿರ್ತಾರೆ, ಒಬ್ಬರಿಗೆ ಮೂರು ನಿಮಿಷ. ಆದರೂ ಚೀಟಿಯ ಮೇಲೆ ತುಳುವಿನಲ್ಲೋ ಕನ್ನಡದಲ್ಲೋ ಎರಡು ಸಾಲಿನ ಸೀಲು ಹೊಡೆಯಲಿಕ್ಕೆ ಎಷ್ಟು ಹೊತ್ತು ಬೇಕು? ತನಗೆ ಅಪಾಯ ಜಾಸ್ತಿ ಅಂತಲೇ ಗೊತ್ತಿಲ್ಲದ ಹೆಂಗಸು, ನೆರೆಮನೆಯವರ ಮಾತು ಕೇಳದೆ ಯಾರ ಮಾತು ಕೇಳಬೇಕಿತ್ತು?

ಹೆಸರಿಲ್ಲದ ಗಂಟುನೋವಿನ ಪುಡಿ ಮಾರುವವರದ್ದು ಇನ್ನೊಂದು ಕತೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಎಷ್ಟೋ ಸಲ ಪತ್ತೆಯಾಗಿದೆ. ತಿಂದವರಿಗೆ ತಾನು ಸ್ಟೀರಾಯ್ಡ್ ತಿಂತಾ ಇದ್ದೇನೆ ಅಂತಲೂ ಗೊತ್ತಿರುದಿಲ್ಲ.

ಮತ್ತೆ ಲಸಿಕೆ. ಸರ್ಪಸುತ್ತಿಗೆ ಶಿಂಗ್ರಿಕ್ಸ್ ಎಂಬ ಲಸಿಕೆ ಉಂಟು, ಎರಡು ಡೋಸ್. ಅದರಲ್ಲಿ ಜೀವಂತ ವೈರಸ್ಸು ಇಲ್ಲ, ಹಾಗಾಗಿ ನಿರೋಧಕ ಶಕ್ತಿ ಕುಗ್ಗಿದವರಿಗೂ ಕೊಡಬಹುದು. ಅಮೆರಿಕದಲ್ಲಿ 2021ರಿಂದ ಇಂಥ ವಯಸ್ಕರಿಗೆ ಅನುಮತಿ ಉಂಟು. ಇಂಗ್ಲೆಂಡಿನಲ್ಲಿ 2025ರ ಸೆಪ್ಟೆಂಬರಿನಿಂದ ನಿರೋಧಕ ಶಕ್ತಿ ತೀರಾ ಕುಗ್ಗಿದ 18 ದಾಟಿದವರಿಗೆಲ್ಲ ಸರ್ಕಾರವೇ ಕೊಡ್ತದೆ. ಭಾರತಕ್ಕೆ ಇದು ಬಂದದ್ದು 2023ರಲ್ಲಿ. ಆದರೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ. ದುಡ್ಡು ಕೊಟ್ಟು ಹಾಕಿಸಬೇಕು, ಅದೂ ಸಾವಿರಗಟ್ಟಲೆ. ಬೀಡಿ ಕಟ್ಟುವವರು ಎಲ್ಲಿಂದ ತರ್ತಾರೆ? ಎಲ್ಲರಿಗೂ ಕೊಡಿ ಅಂತ ನಾನು ಕೇಳುವುದಿಲ್ಲ. ಕಸಿ ಮಾಡಿಸಿಕೊಂಡವರಿಗೆ, ಕೀಮೋದವರಿಗೆ, ದೊಡ್ಡಮ್ಮನಂಥವರಿಗೆ ಮೊದಲು ಕೊಡಿ. ನಮ್ಮ ಎಂಎಲ್‌ಎಗಳು ಇದನ್ನು ಒಮ್ಮೆಯಾದರೂ ಕೇಳಲಿ.

10/10

ಕೊನೆಯದ್ದು. ಇದನ್ನು ಸೇವ್ ಮಾಡಿ, ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ.

ಇವತ್ತು ಮನೆಗೆ ಹೋಗಿ ಮದ್ದಿನ ಡಬ್ಬಿ ತೆರೆಯಿರಿ. ಅಜ್ಜಿ, ಅಜ್ಜ, ಮಾವ, ಅತ್ತೆ ತಿನ್ನುವ ಸ್ಟ್ರಿಪ್ ನೋಡಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಮೆಥೋಟ್ರೆಕ್ಸೇಟ್, ಅಜಥಯೋಪ್ರಿನ್, ಮೈಕೋಫೆನೊಲೇಟ್, ಟ್ಯಾಕ್ರೊಲಿಮಸ್. ಇವುಗಳಲ್ಲಿ ಒಂದಿದ್ದರೂ ಒಂದು ಚೀಟಿಯಲ್ಲಿ ಬರೆದು ಫ್ರಿಡ್ಜಿಗೋ ಗೋಡೆಗೋ ಅಂಟಿಸಿ. ಗಾಬರಿಯಾಗಿ ಆ ಮಾತ್ರೆ ನಿಲ್ಲಿಸಬೇಡಿ, ಸ್ಟೀರಾಯ್ಡ್ ಏಕ್ದಂ ಬಿಟ್ಟರೆ ಅದೇ ಅಪಾಯ. ಮುಂದಿನ ಸಲ ಹೋದಾಗ ಲಸಿಕೆಯ ಬಗ್ಗೆ ಡಾಕ್ಟರರನ್ನು ಕೇಳಿ.

ಒಂದು ಬದಿಯಲ್ಲಿ ಕಾರಣ ಇಲ್ಲದೆ ಉರಿ, ಮೇಲಿಂದ ಸಾಲು ಬೊಕ್ಕೆ ಕಂಡರೆ ಅದೇ ದಿನ ಹೋಗಿ. ತಾಲೂಕು ಆಸ್ಪತ್ರೆ ಬಂಟ್ವಾಳದಲ್ಲೂ ಬೆಳ್ತಂಗಡಿಯಲ್ಲೂ ಉಂಟು, ಮೂಡುಬಿದಿರೆಯಲ್ಲಿ ಸರ್ಕಾರಿ ಆಸ್ಪತ್ರೆ ಉಂಟು. ಹೋದ ಕೂಡಲೇ ತಿನ್ನುವ ಮಾತ್ರೆಯ ಹೆಸರು ಮೊದಲು ಹೇಳಿ. ಹಣೆ, ಕಣ್ಣು, ಮೂಗಿನ ತುದಿ, ಕಿವಿ ಆದರೆ ರಾತ್ರಿಯಾದರೂ ಹೋಗಿ. ಬೊಕ್ಕೆ ಒಣಗಿದ ಮೇಲೂ ಕೆಲವು ತಿಂಗಳು ಗಮನ ಇರಲಿ. ಹೊಸ ತಲೆನೋವು, ಮಾತು ತೊದಲುವುದು, ಗೊಂದಲ, ಮುಖ ವಾರೆ, ಕೈಕಾಲು ಸೋಲುವುದು, ಮೂತ್ರ ಕಟ್ಟುವುದು ಕಂಡರೆ 108. "ಎರಡು ತಿಂಗಳ ಹಿಂದೆ ಸರ್ಪಸುತ್ತು ಆಗಿತ್ತು" ಅಂತ ನೀವಾಗಿಯೇ ಹೇಳಿ.

ಬೊಕ್ಕೆಯನ್ನು ಬಟ್ಟೆಯಿಂದ ಮುಚ್ಚಿಡಿ. ಅದರ ನೀರು ತಾಗಿದರೆ ಚಿಕನ್‌ಪಾಕ್ಸ್ ಬರದವರಿಗೆ ಚಿಕನ್‌ಪಾಕ್ಸ್ ಬರಬಹುದು. ಬಸುರಿಯರು, ಸಣ್ಣ ಮಕ್ಕಳು ದೂರ ಇರಲಿ.

ಆ ಹಳೆ ಸ್ಟೋರಿ 24 ಗಂಟೆಯಲ್ಲಿ ತಾನೇ ಹೋಯ್ತು. ನಂಬರ್ ಕೇಳಿದ ಇಬ್ಬರಿಗೂ ಫೋನ್ ಮಾಡಿದ್ದೇನೆ. ಒಬ್ಬಳ ಅಜ್ಜ ಹುಷಾರಿದ್ದಾರೆ. ಇನ್ನೊಬ್ಬಳ ಅಮ್ಮನಿಗೆ ಕೀಮೋ ನಡೀತಾ ಉಂಟಂತೆ. ನನಗೆ ಆಗ ಅದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಪುಣ್ಯಕ್ಕೆ ಅವರು ಮೊದಲು ಡಾಕ್ಟರ ಹತ್ತಿರ ಹೋಗಿದ್ರು.

ನಿನ್ನೆ ದೊಡ್ಡಮ್ಮ ಎಡಗೈಯಲ್ಲಿ ಎಲೆ ಹಿಡೀಲಿಕ್ಕೆ ನೋಡಿದ್ರು. ಎರಡು ಬೀಡಿ ಆಯ್ತು. ಎರಡೂ ಸಡಿಲ, ಬ್ರಾಂಚಿನಲ್ಲಿ ತಗೊಳ್ಳುವ ಹಾಗಿಲ್ಲ. "ನಾಳೆ ಮೂರು ಮಾಡುವ" ಅಂದ್ರು.

#ಸರ್ಪಸುತ್ತು #ಅದೇದಿನಡಾಕ್ಟರು #ಬಂಟ್ವಾಳ #ಬೆಳ್ತಂಗಡಿ #ಮೂಡುಬಿದಿರೆ